ಕಾಲಡಿಯ ಬಟ್ಟೆ, ತಲೆಯ ಮೇಲಿನ ದೇವರು: ಹೊಸಪೇಟೆ–ಸಂಡೂರು ಸೀಮೆಯ ಕೌದಿಗಳಲ್ಲಿ ಭಕ್ತಿಯ ನೆಲೆ

ಹೊಸಪೇಟೆ, ಕಂಪ್ಲಿ, ಸಂಡೂರು ಸುತ್ತಿನ ಮನೆಗಳ ಹಳೆಯ ಕೌದಿಗಳನ್ನು ಬಿಚ್ಚಿ ಹಾಸಿ ನೋಡುತ್ತ ಹೋದರೆ ಒಂದು ಸಂಗತಿ ಬೇಗ ಗಮನಕ್ಕೆ ಬರುತ್ತದೆ. ಅವುಗಳ ಮೇಲೆ ದೇವರ ಚಿತ್ರವಿಲ್ಲ. ಚೌಕ, ಮುಕ್ಕೋನ, ಉದ್ದನೆಯ ಪಟ್ಟಿ, ಪಟ್ಟಿಯೊಳಗೆ ಮತ್ತೊಂದು ಚೌಕ, ಇವಿಷ್ಟೇ. ವಿರೂಪಾಕ್ಷ, ಪಂಪಾದೇವಿ, ವಿಠ್ಠಲ, ಹನುಮಂತ, ಹುಲಿಗೆಮ್ಮ, ಸಂಡೂರು ಬೆಟ್ಟದ ಕುಮಾರಸ್ವಾಮಿ, ಮೊಹರಮ್ಮಿನ ಪೀರಲ ದೇವರು, ಹೀಗೆ ಇಷ್ಟೊಂದು ದೇವರುಗಳ ನಡುವೆ ಬಾಳುವ ಸೀಮೆಯ ಹೆಣ್ಣುಮಕ್ಕಳು ಹೊಲಿದ ಬಟ್ಟೆಯಲ್ಲಿ ಒಂದು ಗೋಪುರವಾಗಲಿ, ಒಂದು ನಂದಿಯಾಗಲಿ ಯಾಕಿಲ್ಲ? ಈ ಟಿಪ್ಪಣಿ ಆ ಪ್ರಶ್ನೆಯನ್ನು ಹಿಡಿದು ಹೊರಟಿದೆ. ಕೌದಿಯ ವಿನ್ಯಾಸಕ್ಕೆ ಭಕ್ತಿ ಪ್ರೇರಣೆಯೇ ಅಲ್ಲ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಆದರೆ ಅದು ಸರಿಯಲ್ಲ. ಭಕ್ತಿ ಇಲ್ಲಿ ಚಿತ್ರವಾಗಿ ಬರುವುದಿಲ್ಲ. ಬಟ್ಟೆಯ ಜಾಗ, ಹೊಲಿಯುವ ಕ್ರಮ, ಬಳಸುವ ಹೊತ್ತು ಇವುಗಳಲ್ಲಿ ಅದು ಕೆಲಸ ಮಾಡುತ್ತದೆ ಎಂಬುದು ನನ್ನ ವಾದ.

ಮೊದಲು ವಸ್ತುವನ್ನೇ ನೋಡೋಣ. ಕಂಪ್ಲಿಯ ಮನೆಯೊಂದರ ಕೌದಿ. ಅಡಿಗೆ ಇಡೀ ಹಳೆ ಹತ್ತಿ ಸೀರೆಯೊಂದನ್ನು ಮಡಿಚಿ ಹಾಸಿದ್ದಾರೆ. ಅದರ ಮೇಲೆ ಹರಿದ ಧೋತರ, ಪಂಚೆ, ಚಾದರದ ತುಂಡುಗಳ ಪದರ. ಮೇಲ್ಮೈಗೆ ಬಣ್ಣದ ತೇಪೆಗಳು. ನಾಲ್ಕೂ ಅಂಚಿಗೆ ಕೆಂಪು ಪಟ್ಟಿ, ಒಳಗೆ ಹಸಿರು ಪಟ್ಟಿ. ಇಳಕಲ್ ಸೀರೆಯ ದಡಿಯನ್ನು ಕತ್ತರಿಸದೆ ಉದ್ದಕ್ಕೆ ಹಾಗೇ ಬಳಸಿದ್ದಾರೆ. ನಾಲ್ಕು ಮೂಲೆಗಳಲ್ಲಿ ಖಣದ ಕುಪ್ಪಸದಿಂದ ತೆಗೆದ ಮುಕ್ಕೋನಗಳು. ನಡುವಿನ ಚೌಕಕ್ಕೆ ಮಾತ್ರ ಮಾಸದ ಬಟ್ಟೆ. ಉಳಿದ ತೇಪೆಗಳೆಲ್ಲ ಒಗೆದು ಒಗೆದು ಬಣ್ಣ ಬಿಟ್ಟಿದ್ದರೂ ನಡುವಿನದು ಹೊಳಪು ಉಳಿಸಿಕೊಂಡಿದೆ. ಹೊಲಿಗೆ ದಪ್ಪ ದಾರದ್ದು, ಒಂದೇ ಬಗೆಯದು. ಸೂಜಿ ಕೆಳಗೆ ಇಳಿದು ಮೇಲೆ ಏಳುವ ಸಾದಾ ಓಟದ ಹೊಲಿಗೆ, ಬೆರಳಗಲದ ಅಂತರದಲ್ಲಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಬಂದಿದೆ. ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು ಎಂದು ಮೇಲ್ಮೈ ನೋಡಿ ಹೇಳಲಾಗದು. ಹೇಗೆ ತಿರುಗಿಸಿ ಹಾಸಿದರೂ ಅದು ನೇರವೇ.

ಈ ಕೊನೆಯ ಮಾತು ಮುಖ್ಯ. ಮುಖ ಬರೆದರೆ ಬಟ್ಟೆಗೆ ಮೇಲು–ಕೆಳಗು ಹುಟ್ಟುತ್ತದೆ. ಕೌದಿಯನ್ನು ನಾವು ಹೊದೆಯುವುದಷ್ಟೇ ಅಲ್ಲ, ಹಾಸುತ್ತೇವೆ. ಕೂಸು ಅದರ ಮೇಲೆ ಉಚ್ಚೆ ಹೊಯ್ಯುತ್ತದೆ, ಮುದುಕರು ಅದರ ಮೇಲೆ ಕಾಲು ಚಾಚುತ್ತಾರೆ, ಬೆಳಗಿನ ಹೊತ್ತು ಅವಸರದಲ್ಲಿ ದಾಟಿ ಹೋಗುವವರ ಪಾದ ತಾಗುತ್ತದೆ. ಪುಸ್ತಕಕ್ಕೋ ಹಣಕ್ಕೋ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ನಾಡಿದು. ಇಲ್ಲಿ ಹಾಸಿಗೆಯ ಬಟ್ಟೆಗೆ ದೇವರ ಮುಖ ಬರೆಯುವುದು ಭಕ್ತಿಯಲ್ಲ, ಅಪಚಾರ. ಹಾಗಾಗಿ ಕೌದಿಯ ಮೇಲೆ ಮೂರ್ತಿ ಇಲ್ಲದಿರುವುದನ್ನು ಭಕ್ತಿಯ ಕೊರತೆಯೆಂದು ಓದಬಾರದು. ಭಕ್ತಿಯೇ ಹಾಕಿದ ಗೆರೆ ಅದು.

ಈ ವಾದಕ್ಕೆ ಬಲವಾದ ಸಾಕ್ಷ್ಯ ಪಕ್ಕದ ಧಾರವಾಡ ಸೀಮೆಯ ಕಸೂತಿಯಲ್ಲಿದೆ. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಆ ಕಲೆಯಲ್ಲಿ ಗೋಪುರವಿದೆ, ತೇರಿದೆ, ತುಳಸಿಕಟ್ಟೆಯಿದೆ, ನಂದಿ, ಅಂಬಾರಿಯ ಆನೆ, ಪಲ್ಲಕ್ಕಿ ಎಲ್ಲ ಇವೆ. ಅವು ಕೂರುವುದು ಸೀರೆಯ ಸೆರಗಿನಲ್ಲಿ, ಕುಪ್ಪಸದಲ್ಲಿ. ಚಂದ್ರಕಾಳಿಯಂಥ ಮದುವೆಯ ಸೀರೆಯಲ್ಲಿ ಅವು ತುಂಬಿಕೊಂಡಿರುತ್ತವೆ. ಸೆರಗು ತಲೆಗೆ, ಹೆಗಲಿಗೆ, ಎದೆಗೆ ಸೇರಿದ್ದು. ಅದೇ ಸೀರೆ ಹಳತಾಗಿ ಕೌದಿಯ ಹೊಟ್ಟೆ ಸೇರುವಾಗ ಏನಾಗುತ್ತದೆ ನೋಡಿ: ಮೇಲ್ಮೈಗೆ ಬರುವುದು ದಡಿಯ ಪಟ್ಟಿ, ಮೈಯ ಬಣ್ಣ. ಒಂದೇ ಮನೆಯ, ಒಂದೇ ಕೈಯ ಕೆಲಸ. ಬಟ್ಟೆ ದೇಹದ ಯಾವ ಭಾಗಕ್ಕೆ ಸೇರುತ್ತದೆ ಎಂಬುದರ ಮೇಲೆ ಅದರ ವಿನ್ಯಾಸ ನಿಂತಿದೆ.

ರಂಗೋಲಿಯ ಮಾತು ಇಲ್ಲಿ ಬಂದೇ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ರಂಗೋಲಿಯೂ ನೆಲದ ಮೇಲಿನದೇ, ಅದರಲ್ಲಿ ಪದ್ಮವಿದೆ, ಶಂಖವಿದೆ, ಲಕ್ಷ್ಮಿಯ ಪಾದಗಳಿವೆ. ಆದರೆ ಶಂಖ–ಚಕ್ರ ಬರೆಯುವುದು ಹೆಚ್ಚಾಗಿ ದೇವರ ಜಗಲಿಯ ಮುಂದೆ, ತುಳಸಿಯ ಮುಂದೆ. ಅಲ್ಲಿ ಕಾಲಿಡುವವರು ಯಾರೂ ಇಲ್ಲ. ಓಣಿಗೆ ತೆರೆದ ಬಾಗಿಲಿನೆದುರು ದಿನನಿತ್ಯ ಬೀಳುವುದು ಚುಕ್ಕಿ, ಎಳೆ, ಸುತ್ತು. ಪಾದ ತುಳಿಯುವ ಕಡೆ ಗೆರೆಗಳ ಗಣಿತ, ಪಾದ ತುಳಿಯದ ಕಡೆ ಗುರುತಿನ ಚಿತ್ರ ಎಂಬ ನಿಯಮ ಅಲ್ಲಿಯೂ ನಡೆಯುತ್ತದೆ. ಹಬ್ಬದ ದಿನ ಅದು ಸಡಿಲಗೊಳ್ಳುವುದುಂಟು.

ಹಂಪಿಯನ್ನು ಈ ಚರ್ಚೆಗೆ ಎಳೆದು ತರುವಾಗ ಎಚ್ಚರ ಬೇಕು. ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರ ಹೊತ್ತಿಗೆ ಕಟ್ಟಿಸಿದ. ಅದರ ಛತ್ತಿನಲ್ಲಿ ಗಿರಿಜಾಕಲ್ಯಾಣ, ಕಾಮದಹನ, ತ್ರಿಪುರಸಂಹಾರ, ದಶಾವತಾರ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರ ಮೆರವಣಿಗೆ ಇವೆಲ್ಲ ಚಿತ್ರಿತವಾಗಿವೆ. ಈ ಚಿತ್ರಗಳ ಕಾಲ ಯಾವುದು, ಎಷ್ಟು ಭಾಗ ಮುಂದೆ ಮತ್ತೆ ಬರೆದದ್ದು ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಅಡಿಯಲ್ಲಿ ನಿಂತು ಮೇಲೆ ನೋಡಿದರೆ ಛತ್ತು ಅಂಕಣ ಅಂಕಣವಾಗಿ ಹಂಚಿಕೊಂಡು, ಅಂಕಣಗಳ ನಡುವೆ ಅಂಚುಪಟ್ಟಿಗಳನ್ನು ಹೊತ್ತು, ಮೇಲಕ್ಕೆ ಎತ್ತಿ ಕಟ್ಟಿದ ದೊಡ್ಡ ಮೇಲ್ಕಟ್ಟಿನಂತೆ ಕಾಣುತ್ತದೆ. ಇದನ್ನು ಕಂಡು ಕೌದಿಯ ಚೌಕಗಳಿಗೆ ಹಂಪಿಯೇ ಮೂಲ ಎಂದು ಬರೆಯುವ ಆಸೆ ಹುಟ್ಟುವುದು ಸಹಜ. ನಾನು ಆ ದಾರಿ ಹಿಡಿಯಲಾರೆ. ಹೋಲಿಕೆ ಬೇರೆ, ಸಂಬಂಧ ಬೇರೆ. ಚೌಕಕ್ಕೆ ಅಂಚು ಕಟ್ಟುವ ಬುದ್ಧಿ ನೇಯ್ಗೆ ಬಲ್ಲ ಎಲ್ಲ ಸಮಾಜಗಳಿಗೂ ಗೊತ್ತು.

ಛತ್ತಿನಿಂದ ಕಲಿಯಬೇಕಾದ್ದು ಬೇರೆ ಇದೆ. ಕಥೆ ಹೇಳುವ, ಮುಖವುಳ್ಳ ದೇವರುಗಳೆಲ್ಲ ಅಲ್ಲಿ ತಲೆಯ ಮೇಲಿದ್ದಾರೆ. ನೋಡುವವನ ಪಾದ ಅವರಿಗಿಂತ ಆದಷ್ಟು ದೂರ. ಚೈತ್ರದಲ್ಲಿ ವಿರೂಪಾಕ್ಷನ ತೇರು ಹಂಪಿಯ ಬೀದಿಗೆ ಇಳಿಯುವಾಗಲೂ ಹಾಗೆಯೇ: ಬಣ್ಣದ ಬಟ್ಟೆ ಸುತ್ತುವುದು ಗಾಲಿಗಲ್ಲ, ಮೇಲಿನ ಗೋಪುರಕ್ಕೆ. ತುಂಗಭದ್ರೆಯ ದಡದ ಯಂತ್ರೋದ್ಧಾರಕ ಆಂಜನೇಯನನ್ನು ನೋಡಿ. ವ್ಯಾಸರಾಯರು ಪ್ರತಿಷ್ಠಾಪಿಸಿದ್ದೆಂದು ಪರಂಪರೆ ಹೇಳುವ ಈ ಮೂರ್ತಿಯಲ್ಲಿ ಹನುಮಂತ ಷಟ್ಕೋನದ ಒಳಗೆ ಪದ್ಮಾಸನದಲ್ಲಿ ಕುಳಿತಿದ್ದಾನೆ, ಸುತ್ತಲೂ ಒಂದರ ಬಾಲ ಒಂದು ಹಿಡಿದ 12 ಕಪಿಗಳ ಬಳ್ಳಿ. ನಡು, ಕೋನ, ಸುತ್ತು ಎಂಬ ಮೂರೇ ಅಂಶಗಳಲ್ಲಿ ಕಟ್ಟಿದ ಇಂಥ ವಿನ್ಯಾಸ ಕೌದಿ ಹೊಲಿಯುವವರ ಕಣ್ಣಿಗೆ ಅಪರಿಚಿತವಲ್ಲ, ಯಾತ್ರೆಗೆ ಬಂದ ಪ್ರತಿಯೊಬ್ಬರೂ ಕೈಮುಗಿದು ನೋಡುವ ಕಲ್ಲು ಅದು. ಆದರೆ ಕಲ್ಲಿನಲ್ಲಿ ನಡುವಿಗೆ ದೇವರಿದ್ದಾನೆ, ಬಟ್ಟೆಯಲ್ಲಿ ನಡುವಿಗೆ ಇರುವುದು ಮಾಸದ ಒಂದು ಚೌಕ. ಕೌದಿ ಆ ಜಾಗದಲ್ಲಿ ಮಲಗುವವನನ್ನು ಇಡುತ್ತದೆ.

ಯಾರು ಹೊಲಿಯುತ್ತಾರೆ ಎಂಬುದಕ್ಕೂ ಈ ವಿಷಯದಲ್ಲಿ ಬೆಲೆಯಿದೆ. ಮನೆಯ ಹೆಂಗಸರು ಬೇಸಿಗೆಯಲ್ಲಿ, ಹೊಲದ ಕೆಲಸ ಕಡಿಮೆಯಾದಾಗ ಕೂತು ಹೊಲಿಯುವುದು ಒಂದು ಬಗೆ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುವುದನ್ನು ಕಸುಬಾಗಿ ಮಾಡಿಕೊಂಡವರು ಗೋಂಧಳಿ ಸಮುದಾಯದ ಮಹಿಳೆಯರು. ಅವರ ಮನೆಯ ಗಂಡಸರ ಪಾರಂಪರಿಕ ಕೆಲಸ ಅಂಬಾಭವಾನಿಯ ಗೋಂಧಳ ಹಾಕುವುದು. ರಾತ್ರಿಯೆಲ್ಲ ದೇವಿಯ ಕಥೆ ಹಾಡಿ ಕುಣಿಯುವ ಆರಾಧನೆ ಅದು. ಗೋಂಧಳದ ಮಂಡಲದಲ್ಲಿ ದೇವಿಗೆ ಚೌಕ ಹೊಯ್ದು ಕಲಶ ಇಡುತ್ತಾರೆ. ಒಂದೇ ಸಂಸಾರದಲ್ಲಿ ಒಬ್ಬರು ದೇವಿಗೆ ಚೌಕ ತುಂಬುತ್ತಾರೆ, ಇನ್ನೊಬ್ಬರು ಮನುಷ್ಯರಿಗೆ ಚೌಕ ಹೊಲಿಯುತ್ತಾರೆ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ಕೌದಿಯನ್ನು ಬಡತನದ ಬಟ್ಟೆಯೆಂದು ಮಾತ್ರ ನೋಡುವ ಬರಹಗಳು ಈ ಸಂಸಾರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಇದು ನನಗೆ ನೋವಿನ ಸಂಗತಿ. ದೇವರ ಮುಂದೆ ಜಾಗ ಗುರುತಿಸುವುದು ಹೇಗೆ ಎಂದು ಬಲ್ಲ ಮನೆತನದ ಕೈಗಳು ಇವು.

ಸಂಡೂರಿಗೆ ಬಂದಾಗ ಪಾದ ತಾಗುವುದರ ಮೇಲೆ ನಿಂತ ನನ್ನ ವಾದ ಸಾಲದಾಗುತ್ತದೆ. ಸಂಡೂರು ತಾಲ್ಲೂಕಿನ ತಾಂಡಾಗಳ ಲಂಬಾಣಿ ಕಸೂತಿ ಇಂದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲೆ. ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಸುಶೀಲಾನಗರದಂಥ ತಾಂಡಾಗಳ ಮಹಿಳೆಯರ ಜತೆ ಈ ಕೆಲಸ ನಡೆಸಿಕೊಂಡು ಬಂದಿದೆ. ಕಿಲಣ, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೊ ಎಂದು ಹೆಸರಿಸುವ 14 ಬಗೆಯ ಹೊಲಿಗೆಗಳಲ್ಲಿ ಕೌದಿ ಎಂಬುದೂ ಒಂದು. ಕನ್ನಡಿ, ಕವಡೆ, ನಾಣ್ಯ, ತೇಪೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇಲ್ಲಿಯೂ ದೇವರ ಮೂರ್ತಿ ಇಲ್ಲ. ಆದರೆ ಈ ಬಟ್ಟೆಗಳಲ್ಲಿ ಹಲವು ಕಾಲಡಿಗೆ ಬರುವಂಥವೇ ಅಲ್ಲ.

ಉದಾಹರಣೆಗೆ ಗಣೊ. ನೀರಿನ ಕೊಡ ಹೊರುವಾಗ ತಲೆಯ ಮೇಲಿಡುವ ಫುಲಿಯಾ, ಅಂದರೆ ಕವಡೆ ಹೊಲಿದ ಸಿಂಬಿ, ಅದರ ಜತೆ ಹಿಂದಕ್ಕೆ ಇಳಿಬೀಳುವ ಚೌಕ ಬಟ್ಟೆಯೇ ಗಣೊ. ಅಂಗೈ ಎರಡು ಸೇರಿಸಿ ಹರಡಿದರೆ ಮುಚ್ಚುವಷ್ಟು ಜಾಗದಲ್ಲಿ ಅಂಚಿನ ಸುತ್ತ ಕವಡೆಯ ಸಾಲು, ಒಳಗೆ ಒಂದರೊಳಗೊಂದು ಚೌಕ, ಚೌಕವನ್ನು ಸೀಳುವ ಕರ್ಣರೇಖೆ, ರೇಖೆಗಳು ಕೂಡುವಲ್ಲಿ ಕನ್ನಡಿ. ದಾರ ಎಷ್ಟು ಒತ್ತಾಗಿ ಕೂತಿರುತ್ತದೆಂದರೆ ಅಡಿಯ ಬಟ್ಟೆಯ ಬಣ್ಣವೇ ಕಾಣದು. ತಿರುವಿ ನೋಡಿದರೆ ಹಿಂಬದಿಗೆ ಹಳೆ ಸೀರೆಯ ತುಂಡು. ಇದು ತಲೆಗೇರುವ ಬಟ್ಟೆ. ತೀಜಿನಲ್ಲಿ, ಶ್ರಾವಣದ ಹೊತ್ತಿಗೆ, ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಬಿತ್ತಿ ದಿನವೂ ನೀರೆರೆದು ಸಸಿ ಬೆಳೆಸುತ್ತಾರೆ, ಆ ನೀರು ತರುವ ಕೊಡದ ಅಡಿಗೆ ಇಂಥ ಬಟ್ಟೆ ಇರುತ್ತದೆ. ಮೂರ್ತಿಯನ್ನು ತಡೆಯುವ ಪಾದ ಇಲ್ಲಿಲ್ಲ, ಆದರೂ ಮೂರ್ತಿಯಿಲ್ಲ.

ಕಾರಣವನ್ನು ಲಂಬಾಣಿಗರ ಆರಾಧನೆಯಲ್ಲೇ ಹುಡುಕಬೇಕು. ಸಂತ ಸೇವಾಲಾಲರಿಗೆ ಬಿಳಿ ನಿಶಾನೆ, ಮರಿಯಮ್ಮ ಯಾಡಿಗೆ ಕೆಂಪು ನಿಶಾನೆ ಏರಿಸಿ ನಡೆಸುವ ಪೂಜೆಯಲ್ಲಿ ಬಟ್ಟೆಯೇ ದೇವರ ಗುರುತು. 1739ರಲ್ಲಿ ಸೂರಗೊಂಡನಕೊಪ್ಪದಲ್ಲಿ ಹುಟ್ಟಿದರೆಂದು ಸಮುದಾಯ ನಂಬುವ ಸೇವಾಲಾಲರ ಪರಂಪರೆ ಎತ್ತಿನ ಹೇರುಗಳ ಜತೆ ದಾರಿಯಲ್ಲೇ ಬಾಳಿದ ಜನರದು. ಒಂದೆಡೆ ನೆಲೆ ನಿಂತ ಗುಡಿಯಿಲ್ಲದವರಿಗೆ ಕಟ್ಟಿ ಒಯ್ಯಬಲ್ಲದ್ದೇ ಪವಿತ್ರ ವಸ್ತುವಾಗಬೇಕಿತ್ತು. ಬಟ್ಟೆಯೇ ಗುರುತಾಗಿರುವಾಗ ಬಟ್ಟೆಯ ಮೇಲೆ ಮತ್ತೊಂದು ಚಿತ್ರದ ಅಗತ್ಯವಿಲ್ಲ. ಹೀಗೆ ಒಂದೇ ಬಗೆಯ ಚೌಕ–ಮುಕ್ಕೋನಗಳಿಗೆ ಕಂಪ್ಲಿಯ ಕೌದಿ ಒಂದು ದಾರಿಯಿಂದ ಬಂದಿದೆ, ಸಂಡೂರಿನ ಗಣೊ ಇನ್ನೊಂದು ದಾರಿಯಿಂದ. ಎರಡನ್ನೂ ಜನಪದ ಜ್ಯಾಮಿತಿ ಎಂಬ ಒಂದೇ ಚೀಲಕ್ಕೆ ತುಂಬುವ ಅಭ್ಯಾಸವನ್ನು ಬಿಡಬೇಕು. ಕನ್ನಡಿಯೆಂದರೆ ದೃಷ್ಟಿ ತಡೆ, ಕವಡೆಯೆಂದರೆ ಲಕ್ಷ್ಮಿ ಎಂದು ಪ್ರತಿ ಚುಕ್ಕಿಗೂ ಅರ್ಥ ಅಂಟಿಸುವ ಮಾರಾಟದ ಚೀಟಿಗಳ ಬಗ್ಗೆಯೂ ನನ್ನದು ಇದೇ ಮಾತು. ಆ ನಂಬಿಕೆಗಳು ಸುಳ್ಳಲ್ಲ, ಆದರೆ ಅವು ವಿನ್ಯಾಸವನ್ನು ವಿವರಿಸುವುದಿಲ್ಲ. ಕನ್ನಡಿ ಯಾಕಿದೆ ಎಂದು ಹೇಳುತ್ತವೆ, ಅದು ಕರ್ಣಗಳು ಕೂಡುವಲ್ಲೇ ಯಾಕಿದೆ ಎಂದು ಹೇಳುವುದಿಲ್ಲ.

ತುಂಡು ಬಟ್ಟೆಯನ್ನು ಸೇರಿಸಿ ಹೊಲಿಯುವುದನ್ನು ಧರ್ಮವೇ ವಿಧಿಸಿದ ಉದಾಹರಣೆಗಳೂ ಇವೆ. ವಿನಯಪಿಟಕದ ಮಹಾವಗ್ಗ ಹೇಳುವಂತೆ, ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಭಿಕ್ಷುಗಳ ಚೀವರವನ್ನು ಹೀಗೆ ಹೊಲಿಯಲಾದೀತೇ ಎಂದು ಬುದ್ಧ ಆನಂದನನ್ನು ಕೇಳಿದ. ಕತ್ತರಿಸಿ ಜೋಡಿಸಿದ ಬಟ್ಟೆ ಕಳ್ಳರಿಗೆ ಬೇಡದ್ದು, ಭಿಕ್ಷುವಿಗೆ ತಕ್ಕದ್ದು. ಬುದ್ಧನ ಮಾತು ಈ ಸೀಮೆಗೆ ಹೊರಗಿನದಲ್ಲ: ಅಶೋಕನ ಶಾಸನಗಳು ಸಿಕ್ಕ ನಿಟ್ಟೂರು, ಉದೇಗೊಳಂ ಕಂಪ್ಲಿಗೆ ದೂರವಲ್ಲ, ಪಕ್ಕದ ಸಿರುಗುಪ್ಪ ತಾಲ್ಲೂಕಿನವು. ವಿಜಯನಗರದ ಕಾಲುವೆಗಳು ಇಂದಿಗೂ ನೀರುಣಿಸುವ ಕಂಪ್ಲಿ ಬಯಲಿನ ಗದ್ದೆಗಳನ್ನು ದಿಬ್ಬದ ಮೇಲಿಂದ ನೋಡಿದವರಿಗೆ ಆ ಪ್ರಸಂಗಕ್ಕೆ ಟೀಕೆ ಬೇಕಿಲ್ಲ. ಸಿದ್ಧರು, ಅವಧೂತರು, ಫಕೀರರು ತೊಟ್ಟ ಕಂಥೆ–ಗುದಡಿಗಳೂ ಇದೇ ಸಾಲಿನವು. ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. 12ನೆಯ ಶತಮಾನದ ಆ ವಚನಕಾರರ ಹೆಸರಿನಲ್ಲೇ ಸೂಜಿ ಕಾಯಕವಾಗಿ ನಿಂತಿದೆ. ಹೊಲಿಯುವ ಕೆಲಸವೇ ಪೂಜೆಯಾದ ಪರಂಪರೆಯಲ್ಲಿ ಪೂಜೆಯ ಚಿತ್ರವನ್ನು ಬೇರೆಯಾಗಿ ಹೊಲಿಯಬೇಕಿಲ್ಲ.

ಹೋಲಿಕೆಗೆ ಉತ್ತರ ಕನ್ನಡದ ಸಿದ್ದಿ ಸಮುದಾಯದವರ ತೇಪೆ ಕೌದಿ, ಕವಂದಿ, ಸಿಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಭಾಗದ ಸಿದ್ದಿ ಮಹಿಳೆಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕ್ರೈಸ್ತರ ಕವಂದಿಗಳಲ್ಲಿ ಶಿಲುಬೆ, ಮುಸ್ಲಿಮರ ಕವಂದಿಗಳಲ್ಲಿ ಅರ್ಧಚಂದ್ರ ಬರುವುದನ್ನು ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ದಾಖಲಿಸಿದ್ದಾರೆ. ಅವರು ಸಿದ್ಧಪಡಿಸಿದ ಪ್ರದರ್ಶನ 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ನಡೆಯಿತು. ನನ್ನ ವಾದಕ್ಕೆ ಇದು ವಿರುದ್ಧವೆಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಶಿಲುಬೆಯೂ ಅರ್ಧಚಂದ್ರವೂ ಮುಖಗಳಲ್ಲ, ತೇಪೆಗೆ ದಕ್ಕುವ ಆಕಾರಗಳು. ಕವಂದಿಯಲ್ಲಿ ಎಲ್ಲ ಧರ್ಮದವರಿಗೂ ಸಮಾನವಾದದ್ದು ಬೇರೆ: ಅಂಚಿನಿಂದ ಒಳಕ್ಕೆ ಸುತ್ತಿ ಬರುವ ಹೊಲಿಗೆ, ಮುಗಿಸುವಾಗ ನಾಲ್ಕು ಮೂಲೆಗೆ ಮಡಿಚಿಟ್ಟು ಹೊಲಿಯುವ ಬಟ್ಟೆಯ ಫುಲಾ, ಅಂದರೆ ಹೂವು. ಮೂಲೆಗೆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಕಂಪ್ಲಿ ಕೌದಿಯ ಮೂಲೆಯ ಖಣದ ಮುಕ್ಕೋನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೂಲೆ ಖಾಲಿ ಬಿಡಬಾರದು, ನಡುವಿಗೆ ಒಳ್ಳೆಯ ಬಟ್ಟೆ ಬೇಕು ಎಂಬ ಎರಡು ವಿಧಿಗಳು ಧರ್ಮಗಳ ಗಡಿಯನ್ನು ದಾಟಿ ನಿಂತಿವೆ.

ಮುಖವುಳ್ಳ ದೇವರು ತೇಪೆಯಲ್ಲಿ ಬರಲು ಸಾಧ್ಯವೇ ಇಲ್ಲವೆಂದಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಹೊಲಿದ ಬೈಬಲ್ ಕೌದಿಯಲ್ಲಿ ಆದಾಮ–ಹವ್ವೆಯರು, ಯಾಕೋಬನ ಏಣಿ, ಕಡೆಯ ಭೋಜನ, ಶಿಲುಬೆಗೇರಿಕೆ ಎಲ್ಲ 11 ಅಂಕಣಗಳಲ್ಲಿ ತೇಪೆಯಾಗಿ ಕೂತಿವೆ. 1886ರಲ್ಲಿ ಅದು ಅಥೆನ್ಸ್ ಪಟ್ಟಣದ ಹತ್ತಿ ಮೇಳದಲ್ಲಿ ಪ್ರದರ್ಶನಗೊಂಡಿತು. ಮುಂದೆ ಬಡತನಕ್ಕೆ ಸೋತು ಅದನ್ನು 5 ಡಾಲರಿಗೆ ಮಾರುವಾಗ ಆಕೆ ಅದನ್ನು ಶುಭ್ರವಾದ ಹಿಟ್ಟಿನ ಚೀಲದಲ್ಲಿ ಸುತ್ತಿ ತಂದಿದ್ದಳು. ಹಾಸಿ ಮಲಗುವ ಬಟ್ಟೆಯನ್ನು ಯಾರೂ ಹಾಗೆ ಸುತ್ತಿ ಇಡುವುದಿಲ್ಲ. ದೇವರ ಕಥೆ ಹೊತ್ತ ಕ್ಷಣಕ್ಕೆ ಆ ಕೌದಿ ಮಂಚದಿಂದ ಎದ್ದು ನೋಡುವ, ಕಾಪಾಡುವ ವಸ್ತುವಾಗಿತ್ತು.

ಹಂಪಿಯಲ್ಲಿ ಈಗ ನಡೆದಿರುವುದೂ ಇದೇ ದಿಕ್ಕಿನ ಚಲನೆ. 2023ರ ಜುಲೈನಲ್ಲಿ ಅಲ್ಲಿ ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆ ಸೇರಿದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿಯ ತೇಪೆ ಕೆಲಸಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಆ ಮಹಿಳೆಯರಿಗೆ ಸಂದ ಮನ್ನಣೆ ನನಗೆ ಸಂತೋಷ ತಂದಿದೆ. ವಿನ್ಯಾಸದ ದೃಷ್ಟಿಯಿಂದ ಗಮನಿಸಬೇಕಾದ್ದು, ಅಲ್ಲಿ ಬಟ್ಟೆ ಎದುರು ನಿಂತು ನೋಡುವ ವಸ್ತುವಾಯಿತು ಎಂಬುದು. ಹಂಪಿಯ ಅಂಗಡಿಗಳಲ್ಲಿ ಹಳೆಯ ಕಸೂತಿಯ ತುಂಡುಗಳನ್ನು ಜೋಡಿಸಿ ಗೋಡೆಗೆ ತೂಗುಹಾಕುವ ಬಟ್ಟೆ ಮಾಡಿ ಮಾರುವುದೂ ಹಾಗೆಯೇ. ಗೋಡೆಗೆ ಏರಿದ ಬಟ್ಟೆಗೆ ಮೇಲು–ಕೆಳಗು ಬರುತ್ತದೆ, ಪಾದದ ಭಯ ಹೋಗುತ್ತದೆ, ಮೂರ್ತಿಗೆ ಬಾಗಿಲು ತೆರೆಯುತ್ತದೆ. 50 ರೂಪಾಯಿಯ ನೋಟಿನಲ್ಲಿರುವ ಹಂಪಿಯ ಕಲ್ಲಿನ ತೇರನ್ನು ಹೊದಿಕೆಗೂ ತನ್ನಿ ಎಂದು ವಿನ್ಯಾಸಕಾರರು ಕೇಳುವುದು ಇದರ ಸಹಜ ಮುಂದುವರಿಕೆ. ಗೋಡೆಯ ಬಟ್ಟೆಗೆ ಅದು ಒಪ್ಪುತ್ತದೆ. ಹಾಸಿಗೆಯ ಬಟ್ಟೆಗೆ ಗರುಡನಿಗೆ ಕಟ್ಟಿದ ಆ ತೇರನ್ನು ತರುವುದು ಹಂಪಿಯಿಂದ ಪ್ರೇರಣೆ ಪಡೆದಂತೆ ಕಂಡರೂ ಹಂಪಿಯ ಹೆಂಗಸರು ತಲೆಮಾರುಗಳಿಂದ ಪಾಲಿಸಿದ ಮರ್ಯಾದೆಗೆ ಎದುರು. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಹಾಗಿದ್ದರೆ ಹಾಸಿಗೆಯ ಕೌದಿಯಲ್ಲಿ ಭಕ್ತಿ ಎಲ್ಲಿದೆ? ಕೂಸಿನ ತೊಟ್ಟಿಲಿಗೆ ಹೊಲಿಯುವಾಗ ಯಾರ ಸೀರೆ ಆರಿಸುತ್ತಾರೆ ಎಂಬುದರಲ್ಲಿದೆ: ತುಂಬು ಬಾಳು ಬಾಳಿದ ಅಜ್ಜಿಯ ಮೆತ್ತನೆಯ ಸೀರೆ ಆಗ ಹೊರಬರುತ್ತದೆ, ಬಾಣಂತಿ ತವರಿನಿಂದ ಹೊರಡುವಾಗ ಕುಂಚಗಿ, ಕುಲಾಯಿಗಳ ಜತೆ ಆ ಕೌದಿ ಗಂಟು ಸೇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಸೂಜಿ ಕೆಳಗಿಡುವುದರಲ್ಲಿದೆ. ಮೂಲೆ ತುಂಬಿಸುವುದರಲ್ಲಿ, ನಡುವಿಗೆ ಮಾಸದ ಚೌಕ ಹುಡುಕುವುದರಲ್ಲಿದೆ. ಇವು ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ, ಮೇಲ್ಮೈಯನ್ನಷ್ಟೇ ನೋಡಿ ಬರೆಯುವ ಕಲಾಚರಿತ್ರೆಗೆ ಇವು ಸಿಗದೇ ಹೋಗುವುದಕ್ಕೆ ಇದೇ ಕಾರಣ.

ಆದ್ದರಿಂದ ಒಂದು ಕೆಲಸದ ಮಾತು. ವಿಶ್ವವಿದ್ಯಾಲಯಗಳ ವಸ್ತುಸಂಗ್ರಹಾಲಯಗಳಾಗಲಿ, ಮನೆಯ ಹಳೆ ಬಟ್ಟೆಗಳನ್ನು ಕಾಪಿಡುವ ಆಸಕ್ತರಾಗಲಿ ಈ ಸೀಮೆಯ ಕೌದಿಯನ್ನು ಸೇರಿಸಿಕೊಳ್ಳುವಾಗ ಅಳತೆ, ಬಣ್ಣ, ಹೊಲಿಗೆಗಳ ಜತೆ ಇನ್ನಷ್ಟು ವಿವರ ಬರೆದಿಡಬೇಕು: ಹಾಸಲು ಬಳಸಿದ್ದೋ ಹೊದೆಯಲೋ, ಹೊಲಿದವರು ಮನೆಯವರೋ ಗೋಂಧಳಿ ಕಸುಬಿನವರೋ, ಒಳಪದರದಲ್ಲಿ ಯಾರ ಬಟ್ಟೆಗಳಿವೆ, ಯಾವ ಸಂದರ್ಭಕ್ಕೆ ಹೊಲಿದದ್ದು, ಸೂಜಿ ಎಲ್ಲಿ ಶುರುವಾಗಿ ಎಲ್ಲಿ ನಿಂತಿತು. ಕೊನೆಯದನ್ನು ಬಟ್ಟೆಯೇ ಹೇಳುತ್ತದೆ, ಹಿಂಬದಿಯ ದಾರದ ಗಂಟುಗಳನ್ನು ಹುಡುಕಿದರೆ ಸಾಕು. ಉಳಿದದ್ದನ್ನು ಹೇಳಬಲ್ಲ ಅಜ್ಜಿಯರು ಹೊಸಪೇಟೆಯ ಓಣಿಗಳಲ್ಲಿ, ಸಂಡೂರಿನ ತಾಂಡಾಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು.